ನಲ್ವತ್ತೆರಡನೇ ನಿಮಿಷ

ಅಲ್ಲ ಜಸೀನಾ, ಪೆನ್‌ಡ್ರೈವ್ ತೆಗೆದಿದ್ದೆ ಮಾರಾಯ್ತಿ! ಹೋದ ವಾರದ್ದು ನನ್ನ ತಪ್ಪು, ಒಪ್ಪಿದ್ದೇನೆ. ವಿಂಡೋಸ್ ಹೊಸತಾಗಿ ಹಾಕುವಾಗ ಅದನ್ನು ಚುಚ್ಚಿಯೇ ಬಿಟ್ಟಿದ್ದೆ, ರೀಸ್ಟಾರ್ಟ್ ಆದ ಕೂಡಲೇ ಲ್ಯಾಪ್‌ಟಾಪ್ ಮತ್ತೆ ಒಂದನೇ ಪಾಠದಿಂದ ಶುರು ಮಾಡ್ತು. ನೀನು ಹೇಳಿಕೊಟ್ಟೆ, ನಾನು ಕಲಿತೆ. ಆದರೆ ಈ ಸಲ... ಯಾಕೆ ನಗುದು? ಎಂಟನೇ ಕ್ಲಾಸಿನಲ್ಲಿ ನಿನಗೆ ಲೆಕ್ಕ ಕಲಿಸಿದ ತಿರುಮಲೇಶ್ವರ ಮಾಷ್ಟ್ರಿಗೆ ಈಗ ನಿನ್ನ ರಿಪೇರಿ ಅಂಗಡಿಯಲ್ಲಿ ನೀನು ಪಾಠ ಹೇಳುದು. ನಗು, ನಗು.

ಇಗೋ, ನನ್ನ ಪುಸ್ತಕ ನೋಡು. ಸೋಮವಾರ ನಾಲ್ಕು ಹತ್ತಕ್ಕೆ ಶುರು, ನಾಲ್ಕು ಐವತ್ತೆರಡಕ್ಕೆ ಬಂದ್. ಮಂಗಳವಾರವೂ ನಲ್ವತ್ತೆರಡನೇ ನಿಮಿಷಕ್ಕೇ. ಬುಧವಾರವೂ! ಮತ್ತೆ ಆನ್ ಮಾಡಿದರೆ ಒಂದೇ ಹಾಡು: 'ಕಂಪ್ಯೂಟರ್ ಅನಿರೀಕ್ಷಿತವಾಗಿ ರೀಸ್ಟಾರ್ಟ್ ಆಗಿದೆ, ಮೊದಲಿಂದ ಶುರು ಮಾಡಿ.' ಓಕೆ ಒತ್ತಿದರೆ ರೀಸ್ಟಾರ್ಟ್, ಪುನಃ ಅದೇ ಮಾತು... ನಾನೂ ಮಕ್ಕಳಿಗೆ ಇಷ್ಟು ಸಲ ಹೇಳಿದ್ದಿಲ್ಲ.

ನಮ್ಮ ರಾಮಕುಂಜದ ಕರೆಂಟಿನದ್ದೇ ಕಿತಾಪತಿ ಇರ್ಬೇಕು. ಹಾಂ? ಬ್ಯಾಟರಿ ಉಂಟಲ್ಲ ಅಂತಾ? ಉಂಟು, ಉಂಟು. ಹಾಗಾದರೆ ಇರುವೆ! ಕೀಬೋರ್ಡಿನ ಒಳಗೆ ಇರುವೆ ಹೊಕ್ಕಿದ್ದರೆ? ...ಬಿಚ್ಚಿ ನೋಡಿದ್ದೀಯಾ? ಒಂದೂ ಇಲ್ಲವಾ? ಓಹೋ.

ಹೊಸತು ತಗೊಳ್ಳಿ ಅಂತ ಮಾತ್ರ ಹೇಳ್ಬೇಡ. ಇದು ನನ್ನ ಹೆಂಡತಿಯದ್ದು, ನಿಮ್ಮ ಮೂಕಾಂಬಿಕಾ ಟೀಚರಿನದ್ದು. ಅವಳು ತೀರಿಹೋಗಿ ಎಂಟು ತಿಂಗಳಾಯ್ತು, ಇದೂ ಅವಳ ಹಿಂದೆಯೇ ಹೊರಟರೆ ಹೇಗೆ? ನಾಳೆ ಸಂಜೆಯೊಳಗೆ ಹತ್ತನೇ ಕ್ಲಾಸಿನ ಮೂವತ್ತೊಂದು ಮಕ್ಕಳ ಅಂಕ ಇದರಲ್ಲೇ ಏರಿಸ್ಬೇಕು ನಾನು. ಎಂತ? ಅವಳದ್ದು ಎಂತಾದರೂ ಅಳಿಸಿಹೋಯ್ತಾ ಅಂತಾ? ಇಲ್ಲ, ಇಲ್ಲ, ಅವಳ ಫೋಟೊ, ನೋಟ್ಸು ಎಲ್ಲ ನೀನು ಬೇರೆ ಕಡೆ ಜೋಪಾನ ಮಾಡಿ ಕೊಟ್ಟಿದ್ದೀಯ. ಅದರ ಬಗ್ಗೆ ನನ್ನ ದೂರಿಲ್ಲ.

ಪುಸ್ತಕದಲ್ಲಿ ಎಂತ ಅಷ್ಟು ನೋಡುದು? ಒಂದು ಸಾಲು ಖಾಲಿಯಾ? 'ನಲ್ವತ್ತನೇ ನಿಮಿಷ: ಭಾಷೆ. ನಲ್ವತ್ತೊಂದು: ಕೀಬೋರ್ಡ್. ನಲ್ವತ್ತೆರಡು'... ಹೌದು, ಬರೀಲಿಕ್ಕೆ ಬಿಟ್ಟುಹೋಗಿದೆ. ಮೂರು ದಿನವೂ ಹೇಗೆ ಬಿಟ್ಟುಹೋಯ್ತು ಅಂದರೆ? ವಯಸ್ಸಾಯ್ತು ಮಾರಾಯ್ತಿ!

ಅಗೋ, ನಿನ್ನ ಮೇಜಿನ ಮೇಲೆ ಭಾಷೆ ಕೇಳುವಲ್ಲಿಗೆ ಬಂತು. ಇಲ್ಲಿಯ ತನಕ ಸರಿ ಬರ್ತದೆ ಅದು. ಈಗ ಕೀಬೋರ್ಡ್... ನೀನೇ ಒತ್ತು, ನಾನು ಕನ್ನಡಕ ತರಲಿಲ್ಲ. ಎಂತ? ತಲೆಯ ಮೇಲೆ ಉಂಟಾ?

...ನನ್ನ ಕಡೆಗೆ ಯಾಕೆ ತಿರುಗಿಸಿದೆ?

ಕಾಣ್ತದೆ, ಕಾಣ್ತದೆ. 'ಇದನ್ನು ಯಾರು ಬಳಸುತ್ತಾರೆ? ಹೆಸರು ಬರೆಯಿರಿ.' ಗೊತ್ತುಂಟು. ನಗು ಬೇಕಾದರೆ. ಬೈ.

ಆಯ್ತು. ಬಂದ್ ಮಾಡುವ ಗುಂಡಿ ನಾನೇ ಒತ್ತಿದ್ದು. ಮೂರು ದಿನವೂ. ಇದರಲ್ಲಿ ಅನಿರೀಕ್ಷಿತ ಅಂತ ಎಂತದ್ದೂ ಇರಲಿಲ್ಲ.

ಟಿ.ಸಿ. ತಗೊಂಡು ಹೋದ ಮಕ್ಕಳ ಹೆಸರಿಗೆ ಇಪ್ಪತ್ತೊಂಬತ್ತು ವರ್ಷ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದವ ನಾನು, ಸ್ಕೇಲು ಇಟ್ಟು. ಒಂದು ಸಲವೂ ಗೆರೆ ಸೊಟ್ಟ ಆಗಿದ್ದಿಲ್ಲ. ಇಲ್ಲಿ ಗೆರೆ ಎಳೀಲಿಕ್ಕೂ ಇಲ್ಲ. ಬರೀ ಖಾಲಿ ಜಾಗ. ಎಂಟು ತಿಂಗಳು ದಿನಾ ಬೆಳಿಗ್ಗೆ ತೆರೆದಾಗ ಅವಳ ಹೆಸರು ಬರ್ತಿತ್ತು ಇದರಲ್ಲಿ. ಪುನಃ ಅವಳದ್ದೇ ಹಾಕುವ ಅಂತ ಕಂಡಿತು. ಆದರೆ ಅದು ಕೇಳುದು ಯಾರು ಬಳಸುತ್ತಾರೆ ಅಂತ. ಸುಳ್ಳು ಬರೆದು ಅಭ್ಯಾಸ ಇಲ್ಲ ನನಗೆ.

ಆ ಗುಂಡಿಯ ಮೇಲೆ ನೀನ್ಯಾಕೆ ಕೈ ಮುಚ್ಚಿದ್ದು? ನಾನು ಒತ್ತುದಿಲ್ಲ. ತೆಗೆ ಕೈ...

ಅಲ್ಲ, ಬೇಡ. ಅಲ್ಲೇ ಇಟ್ಟುಕೋ. ತಿರುಮಲೇಶ್ವರದ 'ತಿ' ಎಲ್ಲುಂಟು ಇದರಲ್ಲಿ?