ಕೊನೆಯವರ ಕೋಲು

ಇದನ್ನು ನನಗೆ ಮೊದಲು ಹೇಳಿದವಳು ನಮ್ಮ ಬೀದಿಯ ಕನ್ನಡಕದಂಗಡಿಯವಳು. ಅರ್ಧ ಶಟರ್ ಎಳೆದಾಗಿತ್ತು. ನನ್ನ ಓದುವ ಕನ್ನಡಕದ ತಿರುಪು ಬಿಗಿ ಮಾಡುತ್ತಾ, ತಲೆ ಎತ್ತದೆ ಹೇಳಿದಳು. ದೆವ್ವ ಭೂತ ನಂಬುವ ಪೈಕಿ ಅಲ್ಲ ಅವಳು. ಗೋಡೆಯ ಮೇಲಿನ ಅಕ್ಷರ ಓದಿ ತೋರಿಸುವ ತನಕ ನಿಮ್ಮ ಕಣ್ಣನ್ನೂ ನಂಬುವುದಿಲ್ಲ. ನಡೆದದ್ದು ಅವಳ ಗಂಡನ ಅಕ್ಕನಿಗೆ. ಇವಳೂ ಜೊತೆಗಿದ್ದಳು. ಅವಳು ಆಕೆಯನ್ನು ಅಕ್ಕ ಅನ್ನುತ್ತಾಳೆ, ನಾನೂ ಹಾಗೇ ಅನ್ನುತ್ತೇನೆ. ಆ ದೀಪ ಸ್ವಲ್ಪ ಸಣ್ಣ ಮಾಡಿ... ಹಾಂ.

ಅಕ್ಕ ಟಾರ್ಪಾಲು ಹೊಲಿಯುವವಳು. ಲಾರಿಗೆ ಹೊದಿಸುವುದು, ಡೇರೆ, ಬೆನ್ನಿಗೆ ಹಾಕುವ ಚೀಲ, ಎಲ್ಲಾ. ಬೆರಳ ತುದಿ ಸೂಜಿ ಚುಚ್ಚಿದರೂ ಗೊತ್ತಾಗದಷ್ಟು ಗಟ್ಟಿ. ಅವಳ ಗಂಡ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ ಅಂತ ಹೇಳುತ್ತಿದ್ದವರು. ಮನೆಯವರಿಗೆಲ್ಲ ಮೈಕು ಭಾವ. ಆಮೇಲೆ ಗಂಟಲಲ್ಲಿ ಏನೋ ಬೆಳೆದು, ಆಪರೇಷನ್ ಆಗಿ, ದನಿ ಹೋಯಿತು. ಉಳಿದದ್ದು ಪಿಸುಮಾತು. ಅದೂ ಪಕ್ಕದಲ್ಲೇ ಕೂತು ಕಿವಿ ಕೊಟ್ಟರೆ ಮಾತ್ರ. "ಹೆಂಡತಿ ನನ್ನ ಮಾತು ಕೇಳಲ್ಲ ಅಂತ ಎಲ್ಲಾ ಗಂಡಸರೂ ಗೋಳಾಡ್ತಾರೆ," ಅನ್ನುತ್ತಿದ್ದರು, "ನನ್ನ ಹತ್ತಿರ ಮಾತ್ರ ಡಾಕ್ಟರ್ ಸರ್ಟಿಫಿಕೇಟ್ ಇದೆ."

ರಜೆ ಸಿಕ್ಕಿತೆಂದರೆ ನಾಲ್ಕೂ ಜನ ಹೊರಟರು ಅಂತಲೇ. ಅಕ್ಕ, ಭಾವ, ಅಕ್ಕನ ತಮ್ಮ, ಅವನ ಹೆಂಡತಿ ಈ ಕನ್ನಡಕದವಳು. ಬೇರೆಯವರ ಹಾಗೆ ಒಳ್ಳೆಯ ಹೋಟೆಲಿನಲ್ಲಿ ಮಲಗಿ ಬರುವವರಲ್ಲ. ಗಾಡಿ ಹೋಗದ ಜಾಗ, ಜನ ಬಿಟ್ಟುಹೋದ ಜಾಗ, ಅಂಥದ್ದೇ ಆಗಬೇಕು. ಸಾಲಿನಲ್ಲಿ ನಡೆಯುವುದು. ಮುಂದೆ ತಮ್ಮ, ಅವನ ಹಿಂದೆ ಹೆಂಡತಿ, ಆಮೇಲೆ ಅಕ್ಕ, ಎಲ್ಲರ ಹಿಂದೆ ಭಾವ. ವರ್ಷಗಟ್ಟಲೆ ಎಲ್ಲರನ್ನೂ ಹತ್ತಿಸಿ ಕಳಿಸಿದ ಮನುಷ್ಯ, ಕೊನೆಯಲ್ಲಿ ನಿಲ್ಲುವುದೇ ಅಭ್ಯಾಸ. "ಭಾವ ನಮ್ಮ ಕೊನೇ ಬಸ್ಸು," ಅನ್ನುತ್ತಿದ್ದ ತಮ್ಮ. "ಅವರು ಬಂದರೆ ಎಲ್ಲಾ ಬಂದ ಹಾಗೆ."

ದನಿಯಿಲ್ಲದವರು ಹಿಂದೆ ಬರುತ್ತಿದ್ದಾರೋ ಇಲ್ಲವೋ ಗೊತ್ತಾಗುವುದು ಹೇಗೆ? ಅದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ಅಕ್ಕ ಕೋಲನ್ನು ಕಲ್ಲಿಗೆ ಒಂದು ಸಲ ಕುಟ್ಟಬೇಕು. ಟೊಕ್. ಅಂದರೆ, ಇದ್ದೀರಾ? ಭಾವ ಎರಡು ಸಲ. ಟೊಕ್ ಟೊಕ್. ಅಂದರೆ, ಇದ್ದೀನಿ. ತಿರುಗಿ ನೋಡುವ ಹಾಗಿಲ್ಲ. ಹಿಂದೊಮ್ಮೆ ಹಾಗೆ ತಿರುಗಲು ಹೋಗಿ, ಬೆನ್ನಿನ ಚೀಲ ಎಳೆದು, ಅಕ್ಕ ಕಾಲುದಾರಿಯಿಂದ ಉರುಳಿಬಿದ್ದಿದ್ದಳು. ಅವತ್ತಿನಿಂದ ಕತ್ತಲಲ್ಲಿ ಯಾರೂ ತಿರುಗುವುದಿಲ್ಲ. ಕುಟ್ಟಿ ಕೇಳುವುದು, ಅಷ್ಟೇ. ಕೋಲುಗಳೂ ಹಾಗೇ... ನಾಲ್ಕೂ ಹೊಸ ಬಿದಿರು. ಹೊರಡುವ ಹಿಂದಿನ ದಿನ ಅಕ್ಕನೇ ಟೇಪು ಹಿಡಿದು ಒಂದೇ ಅಳತೆಗೆ ಕತ್ತರಿಸಿದ್ದಳು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅವಳಿಗೆ ನಿದ್ದೆ ಬರುವುದಿಲ್ಲ. ಇದನ್ನು ಮರೆಯಬೇಡಿ.

ಆ ಸಲ ಹೋದದ್ದು ಒಂದು ಬೋಳು ಬೆಟ್ಟಕ್ಕೆ. ನೆತ್ತಿಯ ಮೇಲೆ ಕುಸಿದುಬಿದ್ದ ಕಾವಲು ಗೋಪುರ. ಬುಡದಲ್ಲಿ, ಕಲ್ಲು ಒಡೆಯುವವರು ಎಂದೋ ಬಿಟ್ಟುಹೋದ ಒಂದಷ್ಟು ಮನೆಗಳು, ಸೂರಿಲ್ಲ, ಬರೀ ಗೋಡೆ. ನಡುವೆ ಒಂದು ಬಾವಿ. ಬಾವಿ ದಾಟಿ ಸ್ವಲ್ಪ ನಡೆದರೆ ರಸ್ತೆ, ರಸ್ತೆ ಬದಿಯಲ್ಲಿ ಇವರ ವ್ಯಾನು. ಹತ್ತಿದ್ದು ಚೆನ್ನಾಗಿಯೇ ಆಯಿತು. ಇಳಿಯುವಾಗ ನೋಡಿದರೆ ದಾರಿ ಕುಸಿದುಹೋಗಿದೆ. ಬಳಸಿಕೊಂಡು ಬರಬೇಕಾಯಿತು. ಕತ್ತಲಾಯಿತು. ನೀರು ಮುಗಿಯಿತು. ಟಾರ್ಚು ಒಂದೇ, ಅದು ತಮ್ಮನ ಕೈಯಲ್ಲಿ.

ಸಡಿಲ ಕಲ್ಲಿನ ಇಳಿಜಾರು. ಅಕ್ಕನ ಹಿಂದೆ ಸದ್ದಾಯಿತು. ಝರ್ರ್‌ರ್... ಆಮೇಲೆ ಒಂದೇ ಒಂದು ಹರಳು ಉರುಳುತ್ತಾ ಹೋಯಿತು. ಟಿಕ್... ಟಿಕ್... ಟಿಕ್... ಕೆಳಗೆಲ್ಲೋ ನಿಂತಿತು.

ಅಕ್ಕ ನಿಂತಳು. ಕುಟ್ಟಿದಳು. ಟೊಕ್.

ಏನೂ ಇಲ್ಲ.

"ಏನಕ್ಕಾ?" ತಮ್ಮ ಪಿಸುಗುಟ್ಟಿದ.

"ಶ್... ಭಾವ."

ಮತ್ತೆ ಕುಟ್ಟಿದಳು. ಟೊಕ್. ಗಾಳಿ ಕೂಡ ಇಲ್ಲ. ಆಗ ಬಂತು. ಟೊಕ್ ಟೊಕ್.

"ಇದ್ದಾರೆ. ನಡಿ."

ನಡೆದರು. ಅಕ್ಕ ಕೇಳುವುದು, ಹಿಂದಿನಿಂದ ಉತ್ತರ ಬರುವುದು. ಬಾವಿಯ ಹತ್ತಿರ ಬಂದಾಗ ರಾಟೆ ಸದ್ದು ಮಾಡುತ್ತಿತ್ತು. ಕಿರ್... ಕಿರ್... ಹಗ್ಗವಿಲ್ಲದ ರಾಟೆ. "ನಿಲ್ಲಬೇಡಿ," ಅಂದ ತಮ್ಮ, ಕತ್ತು ತಗ್ಗಿಸಿಕೊಂಡು. ಅಕ್ಕ ಹೋಗುತ್ತಾ ಹೋಗುತ್ತಾ ಬಾವಿಕಟ್ಟೆಯ ಕಲ್ಲಿಗೆ ಒಂದು ಕುಟ್ಟಿದಳು. ಕೋಲು ಎತ್ತುವ ಮೊದಲೇ ಉತ್ತರ ಬಂತು. ಟೊಕ್ ಟೊಕ್. ಹಿಮ್ಮಡಿಗೆ ತಾಗುವಷ್ಟು ಹತ್ತಿರ. ಪಾಪ, ಹೆದರಿಕೊಂಡು ಬೇಗ ಬೇಗ ಬಂದಿದ್ದಾರೆ ಅಂದುಕೊಂಡಳು.

"ಇನ್ನು ಸ್ವಲ್ಪ ದೂರ ಅಷ್ಟೇ ಕಣ್ರೀ," ಅಂದಳು, ತಿರುಗದೆ.

ಟೊಕ್ ಟೊಕ್.

ಅವಳು ಕುಟ್ಟಿರಲಿಲ್ಲ. ಅದು ಹೊಳೆದದ್ದು ಆಮೇಲೆ.

ರಸ್ತೆ ಸಿಕ್ಕಿತು. ತಮ್ಮ ವ್ಯಾನಿನ ಬಾಗಿಲು ತೆಗೆದ. ಒಳಗಿನ ದೀಪ ಹೊತ್ತಿಕೊಂಡು ರಸ್ತೆಯ ಮೇಲೆ ಹಳದಿ ಬೆಳಕು ಬಿತ್ತು. ಅಕ್ಕ ಚೀಲ ಇಳಿಸಿದಳು. ಭುಜ ನೀವಿಕೊಂಡಳು. ತಿರುಗಿದಳು.

ಯಾರೂ ಇಲ್ಲ.

"ಉಚ್ಚೆಗೆ ನಿಂತಿರ್ತಾರೆ," ಅಂದ ತಮ್ಮ.

ಅಕ್ಕ ಕೋಲನ್ನು ರಸ್ತೆಗೆ ಕುಟ್ಟಿದಳು. ಟೊಕ್. ಎದುರಿನ ಕತ್ತಲಿಂದ, ಒಂದು ಕೋಣೆಯಷ್ಟು ದೂರದಿಂದ, ಟೊಕ್ ಟೊಕ್. ಕನ್ನಡಕದವಳು ಓಡಿಹೋಗಿ ವ್ಯಾನಿನ ಹೆಡ್‌ಲೈಟ್ ಹಾಕಿದಳು. ಬೆಳಗಾದ ಹಾಗೆ ಬೆಳಕಾಯಿತು. ಕಾಲುದಾರಿ, ಒಣಹುಲ್ಲು, ಕಲ್ಲು... ಮನುಷ್ಯನಿಲ್ಲ. ಮತ್ತೆ ಕುಟ್ಟಿದಳು ಅಕ್ಕ. ಆ ಬೆಳಕಿನ ನಟ್ಟನಡುವಿನಿಂದ, ಖಾಲಿ ಜಾಗದಿಂದ ಬಂತು. ಟೊಕ್ ಟೊಕ್. ಮೂವರೂ ಕೇಳಿದರು. ಅಲ್ಲೊಂದು ಹುಲ್ಲುಕಡ್ಡಿಯೂ ಅಲ್ಲಾಡಲಿಲ್ಲ.

ಕನ್ನಡಕದವಳು ಸ್ಟೀರಿಂಗ್ ಹಿಡಿದುಕೊಂಡೇ ಅತ್ತಳಂತೆ. ಅಕ್ಕ ಅಳಲಿಲ್ಲ. "ನೀನು ಗಾಡಿ ತಗೊಂಡು ಹೋಗು. ಫೋನು ಎಲ್ಲಿ ಹಿಡಿಯುತ್ತೋ ಅಲ್ಲಿವರೆಗೂ ಹೋಗು. ಯಾರು ಸಿಕ್ಕರೆ ಅವರನ್ನು ಕರ್ಕೊಂಡು ಬಾ," ಅಂದಳು. "ಅಕ್ಕಾ, ನೀವು?" "ನಾವು ಮೇಲಕ್ಕೆ." ವ್ಯಾನಿನ ದೊಡ್ಡ ಟಾರ್ಚು ತಗೊಂಡು ತಮ್ಮ ಮುಂದೆ, ಅಕ್ಕ ಹಿಂದೆ. ಬಂದ ದಾರಿಯಲ್ಲೇ ವಾಪಸ್ಸು.

ಆ ಹತ್ತಿದ್ದಿದೆಯಲ್ಲ... ಅಕ್ಕ ಇವತ್ತಿಗೂ ಅದರ ಮಾತೆತ್ತಿದರೆ ಮಿಷನ್ ನಿಲ್ಲಿಸಿ ಎದ್ದುಹೋಗುತ್ತಾಳಂತೆ. ಕೂಗಿ ಕರೆಯಬಹುದು, ಕರೆದಳು, ಗಂಟಲು ಹರಿಯುವಂತೆ ಕರೆದಳು. ಆದರೆ ಅವರು ಓ ಅನ್ನುವ ಹಾಗಿಲ್ಲ. ಬದುಕಿದ್ದರೂ ಅನ್ನುವ ಹಾಗಿಲ್ಲ. ಇರುವುದು ಆ ಕೋಲೊಂದೇ. ಕುಟ್ಟಿದರೆ ಉತ್ತರ ಬರುತ್ತದೆ. ಬಾವಿಯ ಒಳಗಿಂದ ಬಂತು. ತಮ್ಮ ಬಗ್ಗಿ ಬೆಳಕು ಬಿಟ್ಟ, ತಳದಲ್ಲಿ ಒಣಗಿದ ಎಲೆ, ಅಷ್ಟೇ. ಕುಟ್ಟಿದಳು. ಈಗ ಗೋಡೆಯ ಆಚೆಯಿಂದ ಬಂತು. ಓಡಿದರು, ಇಲ್ಲ. ಕುಟ್ಟಿದಳು. ಈಗ ಬೆನ್ನ ಹಿಂದೆ, ರಸ್ತೆಯ ಕಡೆಯಿಂದ.

"ಅಕ್ಕಾ, ಅದು ಭಾವ ಅಲ್ಲ."

"ಗೊತ್ತು."

"ಮತ್ತೆ ಯಾಕೆ ಕುಟ್ತೀಯ?"

"ನಿಲ್ಲಿಸಿದರೆ ಅವರು ಇಲ್ಲ ಅಂತ ಆಗಲ್ವೇನೋ."

ತಮ್ಮ ಟಾರ್ಚು ಮೇಲಕ್ಕೆ ತಿರುಗಿಸಿ ನಡೆದ.

ಚಳಿ ಏರುತ್ತಿತ್ತು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟುತ್ತಿತ್ತು. ಸಡಿಲ ಕಲ್ಲಿನ ಇಳಿಜಾರಿನ ಅಡಿಗೆ ಬಂದರು. ಎಡಕ್ಕೊಂದು ಕೊರಕಲು, ಬಲಕ್ಕೊಂದು. ಎತ್ತ ಹೋದರೂ ಕತ್ತಲು. ತಪ್ಪು ಕಡೆ ಇಳಿದರೆ ಮತ್ತೆ ಹತ್ತುವ ಶಕ್ತಿ ಇಬ್ಬರಿಗೂ ಇಲ್ಲ. ಟಾರ್ಚು ಕೆಂಪಾಗುತ್ತಿತ್ತು. ಅಕ್ಕ ನಿಂತು, ಯೋಚಿಸಿ, ಈ ಸಲ ಮೂರು ಬಾರಿ ಕುಟ್ಟಿದಳು. ಟೊಕ್ ಟೊಕ್ ಟೊಕ್. ಅಂಥ ಲೆಕ್ಕ ಅವರಲ್ಲಿ ಇರಲೇ ಇಲ್ಲ. ಗಂಡ ಆಗಿದ್ದರೆ ತಬ್ಬಿಬ್ಬಾಗುತ್ತಿದ್ದರು, ಸುಮ್ಮನಾಗುತ್ತಿದ್ದರು, ಇಲ್ಲಾ ಅವರೂ ಮೂರು ಕುಟ್ಟುತ್ತಿದ್ದರು.

ಟೊಕ್ ಟೊಕ್.

ಯಾವ ಯೋಚನೆಯೂ ಇಲ್ಲದೆ, ತಕ್ಷಣ.

ಅಕ್ಕ ಕೋಲನ್ನು ಎತ್ತಿ ಬಿಸಾಡಿದಳು. ಅದು ಕಲ್ಲಿನಿಂದ ಕಲ್ಲಿಗೆ ಕಟಕಟ ಬಡಿಯುತ್ತಾ ಹೋಯಿತು. ತಮ್ಮನ ಕೋಲನ್ನೂ ಕೈಯಿಂದ ಕಿತ್ತು ನೆಲಕ್ಕೆ ಮಲಗಿಸಿದಳು. "ಉಸಿರು ಬಿಡಬೇಡ," ಅಂದಳು. ಇಬ್ಬರೂ ಕೂತರು. ಕೂತೇ ಇದ್ದರು. ಏನೂ ಇಲ್ಲ... ಏನೂ ಇಲ್ಲ... ಆಮೇಲೆ ಬಲಗಡೆಯಿಂದ, ಕೆಳಗಿನಿಂದ, ಬಟ್ಟೆಗೆ ಬಟ್ಟೆ ಉಜ್ಜಿದ ಹಾಗೆ ಒಂದು ಸಣ್ಣ ಸದ್ದು. ಸ್‌ಸ್... ಹ್‌... ಸ್‌ಸ್... ಗಾಳಿ ಅಂದುಕೊಳ್ಳಬಹುದು. ಆದರೆ ಗಾಳಿ ಹೀಗೆ ತಡೆದು ತಡೆದು ಬರುವುದಿಲ್ಲ. ಅಕ್ಕ ಕೈಕಾಲು ಊರಿಕೊಂಡು ತೆವಳಿದಳು. ಹತ್ತಿರವಾದಂತೆ ಅದು ಮಾತಾಯಿತು.

"ಪ್ರಯಾಣಿಕರ ಗಮನಕ್ಕೆ..." ಅನ್ನುತ್ತಿತ್ತು ಆ ಪಿಸುದನಿ. "ಪ್ರಯಾಣಿಕರ ಗಮನಕ್ಕೆ... ಬಸ್ಸು ಸ್ವಲ್ಪ ತಡವಾಗಿ ಬರಲಿದೆ..."

ಭಾವ ಒಂದು ಬಂಡೆಯ ಮಗ್ಗುಲಲ್ಲಿ ಬಿದ್ದಿದ್ದರು. ಕಾಲು ಮುರಿದು ಹೊರಕ್ಕೆ ತಿರುಗಿತ್ತು. ಮುಖ ಮಂಜುಗಡ್ಡೆ. ಅಕ್ಕ ಅವರ ತಲೆಯನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಮೊದಲ ಮಾತು ಬೈಗುಳವೇ. "ಹಾಳಾದ ಮನುಷ್ಯ... ಕಲ್ಲಿಗೆ ಕಲ್ಲಾದರೂ ಕುಟ್ಟೋದಲ್ವಾ?"

ಅವರು ಪಿಸುಗುಟ್ಟಿದರು. ಅಕ್ಕ ತುಟಿಗೆ ಕಿವಿ ಹಚ್ಚಿದಳು.

"ಕುಟ್ಟಿದೆನಲ್ಲ. ನೀನು ಕೇಳಿದಾಗೆಲ್ಲ ಕಲ್ಲಿನಿಂದ ಎರಡೆರಡು ಕುಟ್ಟಿದೆ. ನೀನು ಇಲ್ಲೇ ಪಕ್ಕದಲ್ಲಿ ಕೂತು ಒಂದೊಂದೇ ಕುಟ್ತಾ ಇದ್ದೆ... ಬಿದ್ದಾಗಿನಿಂದ. ಹೋಗಿಲ್ಲ ಅಂತ ಧೈರ್ಯ ಇತ್ತು. ತೆವಳಿಕೊಂಡು ಹೋಗೋಣ ಅಂದುಕೊಂಡೆ. ನೀನಿದ್ದೀಯಲ್ಲ ಅಂತ ಇಲ್ಲೇ ಇದ್ದುಬಿಟ್ಟೆ."

"ಪಕ್ಕದಲ್ಲಾ?"

"ಇಲ್ಲೇ. ಈಗಷ್ಟೇ ನಿಂತುಹೋಯ್ತು. ಆಮೇಲೆ ಹೆದರಿಕೆ ಆಯ್ತು. ಅದಕ್ಕೇ ಬಸ್ಸು ಕರೀತಾ ಇದ್ದೆ."

ತಮ್ಮ ಟಾರ್ಚಿನ ಕೊನೆಯ ಬೆಳಕನ್ನು ಸುತ್ತ ಬಿಟ್ಟ. ಭಾವನ ತಲೆಯಿಂದ ಒಂದು ಮೊಳ ಆಚೆ ನೆಲವೇ ಇರಲಿಲ್ಲ. ಕೊರಕಲಿನ ಬಾಯಿ. ತೆವಳಿದ್ದರೆ ಅತ್ತಲೇ ತೆವಳುತ್ತಿದ್ದರು. ಈಗ ನೀವೇ ಹೇಳಿ, ಅದು ಇವರನ್ನು ಭಾವನಿಂದ ದೂರ ಮಾಡಿತೋ, ಭಾವನನ್ನು ಉಳಿಸಿತೋ? ಅಕ್ಕನಿಗೂ ಗೊತ್ತಿಲ್ಲ. ಬೆಳಗಾಗುವ ತನಕ ಮೂವರೂ ಒಬ್ಬರನ್ನೊಬ್ಬರು ಅವುಚಿಕೊಂಡು ಕೂತರು. ಕೈಗೆ ಕಲ್ಲು ತಾಗದ ಹಾಗೆ, ಯಾವುದೂ ಯಾವುದಕ್ಕೂ ಬಡಿಯದ ಹಾಗೆ.

ಕನ್ನಡಕದವಳು ಬೆಳಕು ಹರಿದಾಗ ಬಂದಳು, ಹೆದ್ದಾರಿಯ ಗ್ಯಾರೇಜಿನ ಮೂರು ಜನರನ್ನು ಕರೆದುಕೊಂಡು. ಅಕ್ಕ ಹೊಲಿದ ಟಾರ್ಪಾಲಿನಲ್ಲೇ ಭಾವನನ್ನು ಮಲಗಿಸಿ, ನಾಲ್ಕು ಮೂಲೆ ಹಿಡಿದು ಇಳಿಸಿದರು. ಬಾವಿಯ ಹತ್ತಿರ ಒಂದು ಗಳಿಗೆ ಇಳಿಸಿದರು, ಕೈ ಬದಲಿಸಿಕೊಳ್ಳಲು.

ಬಾವಿಕಟ್ಟೆಗೆ ಒಂದು ಕೋಲು ಒರಗಿಸಿಟ್ಟಿತ್ತು.

ಭಾವನದು. ಹಿಡಿಯ ಹತ್ತಿರ ಅಕ್ಕನೇ ಸುತ್ತಿದ ನೀಲಿ ದಾರ, ಅವಳದೇ ಗಂಟು. ಬೀಳುವಾಗ ಕೊರಕಲಿಗೆ ಜಾರಿಹೋಯಿತು ಅಂತ ಭಾವ ಹೇಳಿದ್ದ ಕೋಲು. ಅಕ್ಕ ತಮ್ಮನ ಕೋಲು ಇಸಿದುಕೊಂಡು ಅದರ ಪಕ್ಕ ನಿಲ್ಲಿಸಿದಳು. ಭಾವನ ಕೋಲು ಒಂದು ಗೇಣು ಗಿಡ್ಡ. ಮುರಿದಿರಲಿಲ್ಲ, ಸೀಳಿರಲಿಲ್ಲ. ಬುಡ ಸವೆದು, ಗುಂಡಗೆ, ನುಣ್ಣಗೆ ಆಗಿತ್ತು. ವರ್ಷಗಟ್ಟಲೆ ಯಾರೋ ಅದನ್ನು ಕಲ್ಲಿಗೆ ಕುಟ್ಟುತ್ತಲೇ ಇದ್ದ ಹಾಗೆ.

ಮುಟ್ಟದೆ ಬಂದರು.

"ನಾನೇ ನೋಡಿದ್ದು," ಅಂದಳು ಕನ್ನಡಕದವಳು, ತಿರುಪು ಬಿಗಿ ಮಾಡಿ ಕನ್ನಡಕವನ್ನು ನನ್ನ ಮೂಗಿನ ಮೇಲಿಟ್ಟು. "ದಿನಾ ಬೇರೆಯವರ ಕಣ್ಣು ನೋಡೋಳು ನಾನು. ನನ್ನ ಕಣ್ಣು ಸರಿಯಾಗೇ ಇದೆ." ಭಾವ ಈಗ ಕುಂಟುತ್ತಾ ಓಡಾಡುತ್ತಾರೆ. ಅವರನ್ನೂ ಕೇಳಿದ್ದೇನೆ, ಅಕ್ಕನ ತಮ್ಮನನ್ನೂ ಕೇಳಿದ್ದೇನೆ. ಬೇರೆ ಬೇರೆಯಾಗಿ ಕೇಳಿದರೂ ಅದೇ ಮಾತು. ನಡೆದದ್ದು ನಡೆದದ್ದೇ.

ನಿಮ್ಮ ಮನೆಯಲ್ಲೂ ಬೆಟ್ಟ ಗುಡ್ಡ ಅಂತ ಹೊರಡುವವರು ಇರುತ್ತಾರೆ. ಇವತ್ತೇ ಹೇಳಿ ಅವರಿಗೆ. ಹಿಂದಿನವರ ಸದ್ದು ಕೇಳಿಸಿದರೆ ಸಾಲದು. ಚೀಲ ಕೆಳಗಿಟ್ಟು, ನಿಂತು, ತಿರುಗಿ, ಮುಖ ನೋಡಬೇಕು. ಅವರು ಇನ್ನೊಬ್ಬರಿಗೆ ಹೇಳಲಿ.