ಹದಿನಾಲ್ಕನೇ ನಂಬರ್ ತಂಡ

ಸಾಕು ಬಿಡೇ ರಂಜನಿ, ಇನ್ನೆಷ್ಟು ಬೈತೀಯ? ನಿನ್ನ ತಂಡದಲ್ಲೇ ನಿಂತು ವಾದ ಮಾಡಿದ ಹುಡುಗಿ ಅದು. ಅಳ್ತಾ ಅಳ್ತಾನೇ ಕುಣಿಗಲ್ ಬಸ್ ಹತ್ತಿದ್ಲು ಹೇಮಶ್ರೀ. ಸರಿದು ಕೂತ್ಕೋ. ಈ ಗುಬ್ಬಿ ಬಸ್ ಯಾವಾಗ ಹೊರಡುತ್ತೋ...

ನಗ್ತೀಯಾ? ಅಜ್ಜಿಗೇನು ಗೊತ್ತು ಅಂತ ತಾನೆ? ನಾನೂ ಬಿ.ಎ. ಮಾಡಿದವಳು ಕಣೇ. ಒಂದನೇ ಕ್ಲಾಸಿಂದ ನಿನ್ನ ಸರ್ಟಿಫಿಕೇಟೆಲ್ಲಾ ಇಸವಿ ಪ್ರಕಾರ ಫೈಲ್ ಮಾಡಿಟ್ಟಿರೋಳು. ಇವತ್ತಿನ ಮೂಟ್ ಕೋರ್ಟಿಗೆ ಹೊಸ ಪ್ಲಾಸ್ಟಿಕ್ ಕವರ್ ಬೇರೆ ತಂದಿದ್ದೆ. ಅಣಕು ಕೋರ್ಟಾದ್ರೇನು, ಕೊಲೆ ಕೇಸು ಕೊಲೆ ಕೇಸೇ. ಸತ್ತವನ ಜೊತೆ ಕೊನೇಗೆ ಕಂಡಿದ್ದು ಇವನು ಅನ್ನೋ ಒಂದೇ ಮಾತಿಗೆ ಜೀವಾವಧಿ ಕೊಡೋಕಾಗಲ್ಲ ಅಂತ ಹೇಮಶ್ರೀ ಹೇಳಿದಾಗ, ಎದುರು ಪಾರ್ಟಿ ಬರೀ ನೀರು ಕುಡೀತಿತ್ತು. ಸೆಮಿಫೈನಲ್ ಗೆದ್ರಿ...

ಹಾಳಾದ್ದು ಆ ರೂಲು. ಯಾವ ಕಾಲೇಜು ಅಂತ ಜಡ್ಜ್‌ಗಳಿಗೆ ತಿಳೀಬಾರದಂತೆ, ಹದಿನಾಲ್ಕನೇ ನಂಬರ್ ತಂಡ ಅಷ್ಟೇ ಅಂತೆ. ನಮ್ಮ ಕಡೆಯವರೇ ಯಾರೋ ಒಬ್ಬ ಜಡ್ಜ್‌ಗೆ ಹೇಳಿಬಿಟ್ರು, ಸರಿ. ಅದಕ್ಕೆ ಫೈನಲ್‌ಗೆ ಮುಂಚೆ ತಂಡಾನೇ ಹೊರಗೆ ಹಾಕೋದೇ?

ನಾನಾ? ನಾನೆಲ್ಲಿ ಹೇಮಶ್ರೀ ಮೇಲೆ ಹೇಳಿದೆ? ಊಟದ ಹೊತ್ತಲ್ಲಿ ಜಡ್ಜ್‌ಗಳ ಮೇಜಿನ ಹತ್ರ ನಿಂತಿದ್ಲು ಅಂದೆ ಅಷ್ಟೇ. ನಿಂತಿದ್ದು ನಿಜ. ಬೈದೋಳು ನೀನು.

ಹೋಗ್ಲಿ, ಮುಂದಿನ ವರ್ಷ... ಅಯ್ಯೋ, ಇದೇ ಕೊನೇ ವರ್ಷ ಅಲ್ವಾ ನಿಮ್ಗೆ.

ಆ ಜಡ್ಜ್ ಮೇಲೂ ಕೋಪ ಮಾಡ್ಕೋಬೇಡ. ಕಿವಿಗೆ ಬಿದ್ದ ಮೇಲೆ ಸುಮ್ಮನಿರೋಕಾಗದೆ ತಾವೇ ಹೋಗಿ ಸ್ಪರ್ಧೆ ನಡೆಸೋರಿಗೆ ಹೇಳಿದ್ರು. ಹೇಳಿದ್ದು ಯಾರು ಅಂತ ಮಾತ್ರ ಬಾಯಿ ಬಿಡಲಿಲ್ಲ ನೋಡು. ಸಾಧು ಮನುಷ್ಯ. ಅವರ ತಾಯಿ ತವರು ನಮ್ಮ ಚೇಳೂರೇ ಅಂತೆ, ಮನೆಗೆ ರಾಗಿ ಈಗಲೂ ಅಲ್ಲಿಂದಲೇ ತರಿಸ್ತಾರಂತೆ...

ಯಾಕೆ ಹಾಗೆ ನೋಡ್ತೀಯ?

ಯಾರೋ ಹೇಳಿದ್ರು ಕಣೇ. ಕಾಫಿ ಹತ್ರ, ಯಾರೋ...

ಮುಖ ಯಾಕೆ ಕಿಟಕಿ ಕಡೆ ತಿರುಗಿಸ್ದೆ?

ಅವರೇ ಹೇಳಿದ್ರು. ಸಾಕಾ? ಪಕ್ಕದಲ್ಲೇ ನಿಂತಿದ್ರು. ಜಡ್ಜು ಅಂತ ಗೊತ್ತಿತ್ತು ನಂಗೆ. ಗೊತ್ತಿದ್ದಕ್ಕೇ ನಿಮ್ಮ ಕಾಲೇಜು ಹೆಸರು... ಅಷ್ಟು ಚೆನ್ನಾಗಿ ವಾದ ಮಾಡ್ತಿದ್ದೀರಿ, ಹದಿನಾಲ್ಕನೇ ನಂಬರ್ ಅಂತ ಕರೀತಾರೆ. ಹೆಸರಿಲ್ವಾ ನಿಮ್ಗೆ?

ಬೈ ಬೇಕಾದ್ರೆ.

ಫೋನ್ ಯಾಕೆ ನನ್ನ ಕೈಗೆ ಕೊಡ್ತೀಯ? ರಿಂಗ್ ಆಗ್ತಿದೆ... ತಗೋ, ನೀನೇ ಹೇಳು. ರಂಜನಿ. ಈ ಕಡೆ ತಿರುಗು ಸ್ವಲ್ಪ.

ಹಲೋ... ಹೇಮಶ್ರೀ, ಇಡಬೇಡಮ್ಮ. ರಂಜನಿ ಅಲ್ಲ. ನಾನು.