ವಸೀಲೆಯ ಪಂಪು

ಅದೇ ಹೇಳ್ತಿದ್ದೆ, ರೊಮೇನಿಯಾ ನಂಗೆ ಹೊಸದಲ್ಲ ಪುಟ್ಟಿ. ನಿಮ್ಮಪ್ಪನ್ನ ಇಲ್ಲಿನ ಲಿಮೆರಿಕ್ ಫ್ಯಾಕ್ಟರಿಯವ್ರು ಸೋಮವಾರ ಅಲ್ಲಿಗೆ ಕಳಿಸ್ತಿದಾರಲ್ಲ, ಅಲ್ಲಿನ ಫ್ಯಾಕ್ಟರಿ ಮುಚ್ಚಿ ಮಿಷಿನ್ ಇಲ್ಲಿಗೆ ತರೋಕೆ, ಹಂಗೇ ನನ್ನನ್ನೂ ಕಳಿಸಿದ್ರು. ನಾನಾಗ ನಮ್ಮೂರ ಚಿನ್ನದ ಗಣೀಲಿ ಫಿಟ್ಟರ್. ಓದಿದ್ದು ಏಳನೇ ಕ್ಲಾಸು, ಅಲ್ಲ, ಏಳು ಫೇಲು. ಆದ್ರೂ ಯೂನಿಯನ್ ಮೀಟಿಂಗಲ್ಲಿ ಗಂಟಲು ಹರ್ಕೊಳ್ಳೋನು ನಾನೇ. ಹೋಗಿ ನೋಡಿದ್ರೆ ಬೆಟ್ಟಗಳ ಸಂದೀಲಿ ಒಂದು ಸಣ್ಣ ಊರು. ಮೊದ್ಲು ಕುರಿ ಕಾಯೋರು, ಮರ ಕಡಿಯೋರು ಅಷ್ಟೇ ಇದ್ರಂತೆ. ಸರ್ಕಾರ ತಾಮ್ರದ ಗಣಿ ತೋಡ್ತು, ಎಲ್ಲೆಲ್ಲಿಂದ್ಲೋ ಜನ ತಂದು ಫ್ಲ್ಯಾಟ್ ಕಟ್ಟಿ ತುಂಬಿಸ್ತು. ಬ್ರೆಡ್ ಅಂಗಡಿ, ಬಸ್ಸು, ಸ್ಕೂಲು, ಚಳೀಲಿ ಮನೆಮನೆಗೆ ಬಿಸಿನೀರು, ಎಲ್ಲ ಗಣಿಯಿಂದ್ಲೇ. ಆಮೇಲೆ ಸರ್ಕಾರ ಬದಲಾಯ್ತು, ಹೊಸಬ್ರು ಬಂದು ಲಾಸು ಅಂದ್ರು. ಲಾಸು ಯಾರ್ದು ಅಂತ ಯಾರೂ ಕೇಳ್ಲಿಲ್ಲ. ಕೈಗಿಷ್ಟು ಕೊಟ್ಟು ಮನೆಗೆ ಕಳಿಸಿದ್ರು, ಜನ ಟೀವಿ ತಗೊಂಡ್ರು, ಮುಗೀತು. ವಾಪಸ್ ಕುರಿ ಕಾಯೋಣ ಅಂದ್ರೆ ಆ ಕೆಲಸ ಬರೋರು ಯಾರು ಉಳಿದಿದ್ರು?

ನಮ್ಮ ಕಂಪನಿ ಅಲ್ಲಿನ ನೀರೆತ್ತೋ ಪಂಪನ್ನ ಸೆಕೆಂಡ್‌ಹ್ಯಾಂಡಲ್ಲಿ ಕೊಂಡಿತ್ತು. ಬಿಚ್ಚೋಕೆ ಹೋದ್ರೆ ಅದರ ಮೇಲೆ ಒಬ್ಬ ಕೂತಿದಾನೆ. ವಸೀಲೆ ಅಂತ, ಅದನ್ನ ಓಡಿಸ್ತಿದ್ದೋನು. ಅಲ್ಲಿನ ಸ್ಕೂಲ್ ಮೇಡಂ ಒಬ್ರು ಅವನ ಮಾತನ್ನ ಇಂಗ್ಲಿಷಲ್ಲಿ ಹೇಳ್ತಿದ್ರು, ನನ್ನ ಮುರುಕು ಇಂಗ್ಲಿಷಿಗೆ ಅಷ್ಟು ಸಾಕಿತ್ತು.

"ಹಳಿ ತಗೊಂಡ್ಹೋಗು, ಲಿಫ್ಟ್ ತಗೊಂಡ್ಹೋಗು, ಇದೊಂದು ಬಿಡು. ಮುಚ್ಚಿದ ಗಣಿ ನಾಳೆ ಯಾರಾದ್ರೂ ತೆಗೀಬಹುದು. ನೀರು ತುಂಬಿದ್ರೆ ಯಾರೂ ಬರಲ್ಲ."

ನಂಗೇನು ಗೊತ್ತಿಲ್ವಾ? ಪಂಪು ನಿಂತ್ರೆ ಸುರಂಗ ಒಂದೊಂದೇ ಮುಳುಗುತ್ತೆ. "ನಾನು ಕೂಲಿಯೋನಪ್ಪ. ನಾನು ಬಿಚ್ಚದಿದ್ರೆ ಇನ್ನೊಬ್ಬ ಬರ್ತಾನೆ" ಅಂದೆ.

"ನಾನೂ ಕೂಲಿಯೋನೇ" ಅಂದ.

ಯೂನಿಯನ್ ಭಾಷಣ ಮಾಡ್ತಿದ್ದ ನಾನೇ ಪಂಪಿನ ಬೋಲ್ಟಿಗೆ ಸ್ಪ್ಯಾನರ್ ಹಾಕ್ದೆ. ನನ್ನದು ಇಂಚಿನ ಅಳತೇದು, ಅಲ್ಲಿನ ಬೋಲ್ಟು ಮಿಲಿಮೀಟರಿಂದು. ಜಾರಿ ಜಾರಿ ಬೋಲ್ಟಿನ ಮೂಲೆ ಸವೀತು. ಅವನು ನೋಡ್ದ, ನೋಡ್ದ, ಆಮೇಲೆ ಎದ್ದು ಹೋಗಿ ತನ್ನ ಸ್ಪ್ಯಾನರ್ ತಂದು ನನ್ನ ಕೈಗಿಟ್ಟ. ಊರು ಹಾಳಾಗ್ತಿತ್ತು, ಎಣ್ಣೆ ಹಾಕಿ ಸಾಕಿದ ಬೋಲ್ಟು ಹಾಳಾಗೋದು ಮಾತ್ರ ಅವನಿಗೆ ನೋಡಕ್ಕಾಗ್ಲಿಲ್ಲ.

"ಅಂಡ್ ದೆನ್, ತಾತ?" ಅಂತೀಯ. ಆ ಪಂಪು ನಮ್ಮ ಗಣೀಲಿ ಮೂರು ವರ್ಷ, ಇಲ್ಲ, ನಾಲ್ಕು ವರ್ಷ ನೀರೆತ್ತಿತು. ಆಮೇಲೆ ನಮಗೂ ಲಾಸು ಅಂದ್ರು. ಅದೇ ಪಂಪಿನ ಮೇಲೆ ನಾನು ಕೂತೆ. ಬಿಚ್ಚೋಕೆ ಬಂದೋನ ಸ್ಪ್ಯಾನರೂ ಇಂಚಿಂದೇ. ವಸೀಲೆ ಕೊಟ್ಟ ಸ್ಪ್ಯಾನರ್ ಅವತ್ತಿಂದ ನನ್ನ ಚೀಲದಲ್ಲೇ ಇತ್ತು, ಕೊಡ್ಲಿಲ್ಲ. ಗ್ಯಾಸ್ ಕಟ್ಟರ್ ತಂದು ಕೊಯ್ಕೊಂಡು ಹೋದ್ರು. ಒಂದು ವಾರ ತಡ ಆಯ್ತು, ಅಷ್ಟೇ.

ಏಯ್, ಒಳಗೆ ಸೂಟ್‌ಕೇಸ್ ತುಂಬ್ತಿರೋನೇ, ಕೇಳಿಸ್ತಾ? ನೋಡು ಪುಟ್ಟಿ, ನಿಮ್ಮಪ್ಪ ಏನಂತಾನೆ: "ಇಟ್ಸ್ ಗ್ರ್ಯಾಂಡ್, ಪರವಾಗಿಲ್ಲ ಅಪ್ಪ, ನಾನು ಹೋಗದಿದ್ರೆ ಇನ್ನೊಬ್ಬ ಹೋಗ್ತಾನೆ."

ಇನ್ನೊಬ್ಬ ಹೋದ್ರೆ ಹೋಗ್ಲಿ ಬಿಡೋ. ಆ ಇನ್ನೊಬ್ಬ ನೀನಾಗ್ಬೇಡ.